ಟೈರ್ ಲಿವರ್ ಕೊಳ್ಳುವಾಗ ಮೊದಲು ತುದಿ ನೋಡಿ

ಸೈಕಲ್ ಟೈರ್ ಬಿಚ್ಚುವ ಲಿವರ್ ಹಾಳಾಗುವುದು ಹೆಚ್ಚಾಗಿ ಎರಡೇ ಜಾಗದಲ್ಲಿ. ಒಂದು, ಟೈರಿನ ಅಂಚಿನಡಿ ತೂರುವ ತುದಿ. ಇನ್ನೊಂದು, ತುದಿಗೂ ಹಿಡಿಗೂ ನಡುವೆ ಸಣ್ಣಗಾಗುವ ಕುತ್ತಿಗೆ. ಅಂಗಡಿಯಲ್ಲಿ ಬಣ್ಣ, ಬ್ರ್ಯಾಂಡು, ಉದ್ದ ನೋಡುವ ಮೊದಲು ಈ ಎರಡು ಜಾಗ ನೋಡಿ. ಆಮೇಲೆ ನಿಮ್ಮ ರಿಮ್ ಎಂಥದ್ದು, ಸೈಕಲ್ ಎಲ್ಲಿ ಓಡುತ್ತೆ ಅನ್ನುವುದನ್ನು ಯೋಚಿಸಿ.

ಮಲೆನಾಡಿನಲ್ಲಿ ಸೈಕಲ್ ಎಲ್ಲಿ ಓಡುತ್ತೆ ಅನ್ನುವುದಕ್ಕೆ ತೂಕ ಜಾಸ್ತಿ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತೆ. ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಬ್ಬಿಣ ಅಂತ ಇರುವುದೆಲ್ಲ ತುಕ್ಕು ಹಿಡಿಯುತ್ತೆ. ರಿಮ್ಮಿಗೂ ಟೈರಿಗೂ ನಡುವೆ ಕೆಂಪು ಮಣ್ಣು, ಜಂಬಿಟ್ಟಿಗೆಯ ನೊರಜು ಸೇರಿಕೊಂಡು ಗಟ್ಟಿಯಾಗುತ್ತೆ. ಬಿದಿರು ಮೆಳೆಯ ಪಕ್ಕದ ದಾರಿಯಲ್ಲಿ ಮುಳ್ಳಿಗೆ ಬರವಿಲ್ಲ. ಗಾಜನೂರು ದಾಟಿ ಮಂಡಗದ್ದೆ ಕಡೆಗೆ ಹೋಗುವಾಗ ಕಾಡಿನ ನಡುವೆ ಪಂಕ್ಚರ್ ಆದರೆ ಕೂಗಳತೆಯಲ್ಲಿ ಅಂಗಡಿ ಇರುವುದಿಲ್ಲ. ಮಳೆಗಾಲವಾದರೆ ಕೂತ ಸ್ವಲ್ಪ ಹೊತ್ತಿಗೇ ಕಾಲಿಗೆ ಇಂಬಳ (ಜಿಗಣೆ) ಹತ್ತುತ್ತೆ. ಅಂಥ ಕಡೆ ಲಿವರ್ ಮುರಿದರೆ ಸ್ಕ್ರೂಡ್ರೈವರನ್ನೋ ಚಾಕುವನ್ನೋ ತೂರಿಸುವ ಮನಸ್ಸಾಗುತ್ತೆ. ತೂರಿಸಿದರೆ ಟ್ಯೂಬ್ ಹೋಯಿತು ಅಂತಲೇ ಲೆಕ್ಕ.

ಪ್ಲಾಸ್ಟಿಕ್ ಲಿವರ್ ಎಲ್ಲವೂ ಒಂದೇ ಅಲ್ಲ. ಪಂಕ್ಚರ್ ಕಿಟ್ ಜೊತೆ ಪುಕ್ಕಟೆ ಬರುವ, ಹಗುರವಾದ, ಹೊಳೆಯುವ ಲಿವರ್‌ಗಳು ಹೆಚ್ಚಾಗಿ ಅಗ್ಗದ ಪ್ಲಾಸ್ಟಿಕ್ಕಿನವು. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ. ಕುತ್ತಿಗೆಯ ಹತ್ತಿರ ಬಿಳಿ ಗೆರೆ ಮೂಡಿದರೆ ಅದು ಮುಂದೆ ಮುರಿಯುವುದು ಅಲ್ಲಿಯೇ. ಒಳ್ಳೆಯ ನೈಲಾನ್ ಬಗ್ಗುತ್ತೆ, ಬಿಟ್ಟ ಕೂಡಲೇ ಮೊದಲಿನ ಹಾಗೆ ನಿಲ್ಲುತ್ತೆ, ಗೆರೆ ಬೀಳುವುದಿಲ್ಲ. ನೈಲಾನಿಗೆ ಇನ್ನೊಂದು ಗುಣ ಇದೆ: ಗಾಳಿಯ ತೇವವನ್ನು ಹೀರಿಕೊಳ್ಳುತ್ತೆ. ತೇವ ಹೀರಿದ ನೈಲಾನ್ ಮೆದುವಾಗುತ್ತೆ, ಆದರೆ ಸುಲಭಕ್ಕೆ ಮುರಿಯುವುದಿಲ್ಲ. ಪೂರ್ತಿ ಒಣಗಿದ್ದು ಗಡುಸಾಗಿರುತ್ತೆ, ಚಟ್ಟನೆ ಮುರಿಯುತ್ತೆ. ಹಾಗಾಗಿ ಮಳೆಗಾಲದಲ್ಲಿ ಲಿವರ್ ಬಗ್ಗುತ್ತಿದೆ ಅಂತ ಗಾಬರಿ ಬೇಡ. ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲು ಬೀಳುವ ಕಡೆ ತಿಂಗಳುಗಟ್ಟಲೆ ಕೂತ ಲಿವರ್ ಬಗ್ಗೆಯೇ ಹೆಚ್ಚು ಎಚ್ಚರ ಬೇಕು. ಒಣಗುವುದರ ಜೊತೆಗೆ ಬಿಸಿಲೂ ಪ್ಲಾಸ್ಟಿಕ್ಕನ್ನು ಕೆಡಿಸುತ್ತೆ. ಸೀಟಿನ ಕೆಳಗಿನ ಮುಚ್ಚಿದ ಚೀಲದೊಳಗೆ ಇಡಿ, ಹ್ಯಾಂಡಲ್ಲಿಗೆ ಕಟ್ಟಿಕೊಂಡು ಓಡಾಡಬೇಡಿ.

ಇನ್ನು ತುದಿ. ಅದು ದೋಸೆ ಸಟ್ಟುಗದ ಹಾಗೆ ತೆಳುವಾಗಿ ಒಳಗೆ ಜಾರಬೇಕು. 2ರಿಂದ 3 ಮಿ.ಮೀ. ದಪ್ಪ ಇದ್ದರೆ ಸರಿ. 4 ಮಿ.ಮೀ. ಇದ್ದರೆ ಬಿಗಿಯಾದ ಟೈರಿನಡಿ ಹೋಗುವುದು ಕಷ್ಟ. ಹೋಗದ್ದನ್ನು ಒತ್ತಿ ತೂರಿಸುವಾಗಲೇ ಟೈರಿನ ಅಂಚಿನ ರಬ್ಬರ್ ಕಿತ್ತು ಬರುವುದು. ತುದಿ ಅಗಲವಾಗಿದ್ದಷ್ಟೂ ಭಾರ ಹಂಚಿಕೊಳ್ಳುತ್ತೆ, ಹಾಗಾಗಿ ಬೆರಳಿನಷ್ಟಾದರೂ ಅಗಲ ಇರಲಿ. ಹಿಂಬದಿಯಲ್ಲಿ ಉದ್ದಕ್ಕೂ ಏಣು ಎದ್ದಿರುವ ಲಿವರ್ ಚಪ್ಪಟೆ ಲಿವರಿಗಿಂತ ಗಟ್ಟಿ. ಆ ಏಣು ಕುತ್ತಿಗೆಯನ್ನು ದಾಟಿ ತುದಿಯ ಹತ್ತಿರದವರೆಗೂ ಬಂದಿದೆಯೇ ನೋಡಿ. ಕುತ್ತಿಗೆಗೆ ಮೊದಲೇ ನಿಂತಿದ್ದರೆ ಪೂರ್ತಿ ಭಾರ ಬೀಳುವುದು ಅದು ನಿಂತ ಜಾಗಕ್ಕೆ. ಕೊನೆಗೆ ಒಂದು ಚೂರು ಹತ್ತಿ ತೆಗೆದುಕೊಂಡು ಲಿವರಿನ ಅಂಚಿನುದ್ದಕ್ಕೂ ಎಳೆಯಿರಿ. ಹತ್ತಿ ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲಿ ಅಚ್ಚಿನ ಗೆರೆ ಎದ್ದಿದೆ ಅಂತ ಅರ್ಥ. ಟ್ಯೂಬನ್ನು ಕೊಯ್ಯುವುದು ಆ ಗೆರೆಯೇ. ನೀರುಕಾಗದದಿಂದ (ನಯವಾದ ಉಜ್ಜುಕಾಗದ, ವಾಟರ್ ಪೇಪರ್) ಉಜ್ಜಿದರೆ ಹೋಗುತ್ತೆ. (ಅದೇ ಹತ್ತಿಯನ್ನು ಟೈರಿನ ಒಳಮೈಯಲ್ಲಿ ಎಳೆದರೆ ಕಣ್ಣಿಗೆ ಕಾಣದ ಮುಳ್ಳಿನ ತುದಿಯೂ ಸಿಗುತ್ತೆ. ಕಿಟ್ಟಿನಲ್ಲಿ ಒಂದು ಉಂಡೆ ಹತ್ತಿ ಯಾವಾಗಲೂ ಇರಲಿ.)

ಬ್ರ್ಯಾಂಡಿನ ಮಾತು ಹೇಳುವುದಾದರೆ, ಪೆಡ್ರೋಸ್‌ನ ಅಗಲ ತುದಿಯ ಲಿವರ್, ಶ್ವಾಲ್ಬೆಯ ನೀಲಿ ಲಿವರ್, ಪಾರ್ಕ್ ಟೂಲ್‌ನ ಟಿಎಲ್-1.2 ಇವೆಲ್ಲ ಅಲಾಯ್ ರಿಮ್ಮಿಗೆ ಸಾಕು. ತುಂಬ ಬಿಗಿ ಟೈರಿಗೆ ಪಾರ್ಕ್ ಟೂಲ್‌ನ ಟಿಎಲ್-6.3 ಥರದ್ದು ನೋಡಿ: ಒಳಗೆ ಉಕ್ಕು, ಹೊರಗೆ ಪ್ಲಾಸ್ಟಿಕ್ ಹೊದಿಕೆ. ಮನೆಯಲ್ಲಿ ಇಟ್ಟುಕೊಳ್ಳಲು ಎಲ್ಲಕ್ಕಿಂತ ಬಾಳಿಕೆ ಬರುವುದು ಇಂಥದ್ದೇ ಅನ್ನುವುದು ನನ್ನ ಅಭಿಪ್ರಾಯ. ತುದಿಯಲ್ಲಿ ಹೊದಿಕೆ ಸುಲಿದು ಉಕ್ಕು ಕಾಣಿಸಿಕೊಂಡ ದಿನದಿಂದ ಮಾತ್ರ ಅದನ್ನು ಕಬ್ಬಿಣದ ಲಿವರ್ ಅಂತಲೇ ತಿಳಿದು ಬಳಸಬೇಕು.

ಬರೀ ಕಬ್ಬಿಣದ ಲಿವರ್ ಕೆಟ್ಟದ್ದೇನಲ್ಲ. ಪಂಕ್ಚರ್ ಅಂಗಡಿಗಳಲ್ಲಿ ದಿನವಿಡೀ ಕೆಲಸ ಮಾಡುವುದು ಅದೇ. ಹಳೆಯ ಕಪ್ಪು ಸೈಕಲ್ಲಿನ ಉಕ್ಕಿನ ರಿಮ್ಮಿಗೆ ಅದು ಸರಿಯಾದ ಜೋಡಿ. ಅಲಾಯ್ ರಿಮ್ಮಿಗೆ ಹಾಕಿದರೆ ಅಂಚಿನಲ್ಲಿ ಕಚ್ಚು ಬೀಳುತ್ತೆ, ಆ ಕಚ್ಚು ಮುಂದಿನ ಟ್ಯೂಬನ್ನು ಕೊಯ್ಯುತ್ತೆ. ಟ್ಯೂಬ್‌ಲೆಸ್ ರಿಮ್ಮಿನ ಟೇಪಿಗೆ ತುದಿ ತಾಗಿದರೆ ಟೇಪು ಹರಿದು ಗಾಳಿ ನಿಲ್ಲುವುದಿಲ್ಲ. ಕಾರ್ಬನ್ ರಿಮ್ಮಿನ ಹತ್ತಿರಕ್ಕೂ ಕಬ್ಬಿಣ ತರಬೇಡಿ. ಇನ್ನೊಂದು ಅಪಾಯ ಕಾಣುವುದು ನಿಧಾನಕ್ಕೆ. ಉದ್ದನೆಯ ಕಬ್ಬಿಣದ ಲಿವರಿಗೆ ಬಲ ಜಾಸ್ತಿ, ಅದು ಟೈರಿನ ಅಂಚಿನೊಳಗಿನ ತಂತಿಯನ್ನೇ ಬಗ್ಗಿಸಿಬಿಡುತ್ತೆ. ಒಮ್ಮೆ ಮುರಿ ಬಿದ್ದ ತಂತಿ ನೆಟ್ಟಗಾಗುವುದಿಲ್ಲ. ಗಾಳಿ ತುಂಬಿ ಚಕ್ರ ತಿರುಗಿಸಿದರೆ ಆ ಜಾಗದಲ್ಲಿ ಟೈರ್ ಏಳುತ್ತೆ, ಇಲ್ಲವೇ ಒಳಗೆ ಕುಸಿದಿರುತ್ತೆ. ಬೈಕಿನ ಲಿವರನ್ನು ಸೈಕಲ್ಲಿಗೆ ಬಳಸಬಾರದು ಅನ್ನುವುದು ಇದಕ್ಕೇ.

ಎಷ್ಟೇ ಒಳ್ಳೆಯ ಲಿವರ್ ಕೊಂಡರೂ ಅದು ಉಳಿಯುವುದು ಬಳಸುವ ಕ್ರಮದಿಂದ. ರಿಮ್ಮಿನ ಅಡ್ಡಕೊಯ್ತ ಗಮನಿಸಿ: ಎರಡು ಬದಿ ಟೈರಿನ ಅಂಚು ಕೂರುವ ಮೆಟ್ಟಿಲು, ನಡುವೆ ತಗ್ಗು. ಅಂಚಿನ ತಂತಿ ಹಿಗ್ಗುವುದಿಲ್ಲ. ಅದನ್ನು ಮೆಟ್ಟಿಲಿನಿಂದ ತಗ್ಗಿಗೆ ಇಳಿಸಿದರೆ, ತಗ್ಗು ಎಷ್ಟು ಆಳವೋ ಸುಮಾರು ಅಷ್ಟು ಸಡಿಲ ಎದುರು ಬದಿಯಲ್ಲಿ ಸಿಗುತ್ತೆ. ಲಿವರಿಗೆ ಬೇಕಾದದ್ದು ಆ ಸಡಿಲ. ಅದಿಲ್ಲದೆ ಎತ್ತಿದರೆ ಲಿವರ್ ಎಳೆಯುವುದು ಹಿಗ್ಗದ ತಂತಿಯನ್ನು. ಆಗ ಮುರಿಯುವುದು ಲಿವರ್ರೇ.

ಮೊದಲು ಗಾಳಿ ಪೂರ್ತಿ ತೆಗೆಯಿರಿ. ಅರ್ಧ ಬಿಟ್ಟರೆ ಟ್ಯೂಬ್ ಅಂಚನ್ನು ಹೊರಕ್ಕೆ ದೂಡುತ್ತಲೇ ಇರುತ್ತೆ. ವಾಲ್ವಿಗೆ ನಟ್ಟು ಇದ್ದರೆ ಅದನ್ನೂ ಬಿಚ್ಚಿ. ಎರಡೂ ಹೆಬ್ಬೆರಳಿನಿಂದ ಟೈರನ್ನು ಸುತ್ತಲೂ ಒತ್ತುತ್ತಾ ಎರಡೂ ಬದಿಯ ಅಂಚನ್ನು ತಗ್ಗಿಗೆ ಬೀಳಿಸಿ. ಕೆಸರು ಒಣಗಿ ಅಂಟಿದ್ದರೆ ಮೊದಲು ನೀರು ಹಾಕಿ ತೊಳೆಯಿರಿ. ನೊರಜಿನ ಮೇಲೆ ಲಿವರ್ ಆಡಿಸಿದರೆ ರಿಮ್ಮೂ ಲಿವರ್ ತುದಿಯೂ ಒಟ್ಟಿಗೆ ಸವೆಯುತ್ತವೆ. ಉಕ್ಕಿನ ರಿಮ್ಮಿಗೆ ತುಕ್ಕಿನಿಂದ ಟೈರ್ ಅಂಟಿದ್ದರೆ ಅದನ್ನು ಬಿಡಿಸುವುದು ಲಿವರಿನ ಕೆಲಸವಲ್ಲ. ಚಕ್ರ ಬಿಚ್ಚಿ ಮಲಗಿಸಿ, ಟೈರಿನ ಮಗ್ಗುಲನ್ನು ಮಾತ್ರ ಕಾಲಿನಿಂದ ತುಳಿಯುತ್ತಾ ಸುತ್ತು ಬನ್ನಿ. ಭಾರ ರಿಮ್ಮಿನ ಮೇಲೆ ಬೀಳಬಾರದು.

ಎತ್ತಲು ಶುರು ಮಾಡುವುದು ವಾಲ್ವಿನ ಹತ್ತಿರ. ವಾಲ್ವಿನ ಬುಡ ದಪ್ಪ, ಅಲ್ಲಿ ಅಂಚು ತಗ್ಗಿಗೆ ಇಳಿಯುವುದಿಲ್ಲ. ಉಳಿದ ಕಡೆಯೆಲ್ಲ ತಗ್ಗಿನಲ್ಲಿ ಕೂತಿದ್ದರೆ ಸಿಕ್ಕ ಸಡಿಲವೆಲ್ಲ ವಾಲ್ವಿನ ಬಳಿಗೆ ಬಂದಿರುತ್ತೆ. ತುದಿಯನ್ನು ಅಂಚಿನಡಿ ಸಿಕ್ಕುವಷ್ಟು ಮಾತ್ರ ತೂರಿಸಿ. ಆಳಕ್ಕೆ ಹೋದರೆ ಟ್ಯೂಬ್ ಕಚ್ಚುತ್ತೆ. ಮೊದಲ ಲಿವರನ್ನು ಮಗುಚಿ ಅದರ ಇನ್ನೊಂದು ಕೊನೆಯ ಕೊಕ್ಕೆಯನ್ನು ಚಕ್ರದ ಕಡ್ಡಿಗೆ (ಸ್ಪೋಕ್) ಸಿಕ್ಕಿಸಿ. ಡಿಸ್ಕ್ ಬ್ರೇಕ್ ಇದ್ದರೆ ಡಿಸ್ಕ್ ಇಲ್ಲದ ಬದಿಯಿಂದಲೇ ಮಾಡಿ, ಎಣ್ಣೆಗೈ ಡಿಸ್ಕಿಗೆ ತಾಗಬಾರದು. ಎರಡನೆಯ ಲಿವರ್ ಎಷ್ಟು ದೂರ ಅನ್ನುವುದರಲ್ಲೇ ಎಲ್ಲ ಇದೆ. 36 ಕಡ್ಡಿಯ 700ಸಿ (622 ಮಿ.ಮೀ. ರಿಮ್ಮಿನ) ಚಕ್ರದಲ್ಲಿ ರಿಮ್ಮಿನ ಮೇಲೆ ಕಡ್ಡಿಯಿಂದ ಕಡ್ಡಿಗೆ ಸುಮಾರು 5.4 ಸೆಂ.ಮೀ. ಬಿಗಿ ಟೈರಿಗೆ ಒಂದೇ ಕಡ್ಡಿ ಬಿಟ್ಟು ಹಾಕಿ, ಸಡಿಲ ಇದ್ದರೆ ಎರಡು. ಮೂರು ಕಡ್ಡಿ ಬಿಟ್ಟು ಒಂದೇ ಸಲ ಎತ್ತುವ ಅವಸರದಲ್ಲೇ ಒಳ್ಳೊಳ್ಳೆಯ ಲಿವರ್ ಮುರಿಯುವುದು. ಎರಡಕ್ಕೂ ಬರದಿದ್ದರೆ ಅಷ್ಟೇ ದೂರದಲ್ಲಿ ಮೂರನೆಯದು. ಆಗ ನಡುವಿನ ಲಿವರ್ ತಾನಾಗಿ ಸಡಿಲವಾಗಿ ಬರುತ್ತೆ. ಹಾಗಾಗಿ ಕೊಳ್ಳುವಾಗ ಮೂರು ಕೊಳ್ಳಿ.

ಹಾಕುವಾಗ ಲಿವರ್ ಬೇಕಾಗಬಾರದು. ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ಹಾಕಿ, ವಾಲ್ವಿನ ಎದುರು ಬದಿಯಿಂದ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ಒಂದು ಗೇಣು ಹತ್ತದಿದ್ದರೆ ಅಲ್ಲಿಯೇ ಜಗ್ಗಾಡಬೇಡಿ. ಆಗಲೇ ಕೂರಿಸಿದ ಅಂಚು ಮತ್ತೆ ಮೆಟ್ಟಿಲೇರಿರುತ್ತೆ. ಟ್ಯೂಬಿನ ಗಾಳಿ ಸ್ವಲ್ಪ ಬಿಟ್ಟು, ಎದುರು ಬದಿಯಿಂದ ಮತ್ತೆ ತಗ್ಗಿಗೆ ಒತ್ತುತ್ತಾ ಬನ್ನಿ, ಆಮೇಲೆ ಅಂಗೈಯ ಬುಡದಿಂದ ಉರುಳಿಸಿ. ಸೋಪಿನ ನೀರು ಸವರಬಹುದು. ಸೀಮೆಎಣ್ಣೆ, ಗ್ರೀಸ್ ಬೇಡವೇ ಬೇಡ, ರಬ್ಬರ್ ಊದಿಕೊಂಡು ಹಾಳಾಗುತ್ತೆ. ಮುಗಿದ ಮೇಲೆ ವಾಲ್ವನ್ನು ಒಮ್ಮೆ ಒಳಕ್ಕೆ ದೂಡಿ ಬಿಡಿ, ಅಂಚಿನಡಿ ಸಿಕ್ಕ ಟ್ಯೂಬ್ ಮೇಲೇಳುತ್ತೆ.

ಇಷ್ಟಾದರೂ ಹತ್ತದಿದ್ದರೆ ಟೈರಿನ ಮಗ್ಗುಲಲ್ಲಿ ಅಚ್ಚೊತ್ತಿದ ಅಂಕಿ ಓದಿ. ‘26’ ಅಂತ ಕೇಳಿ ತಂದ ಟೈರ್ 559 ಮಿ.ಮೀ. ರಿಮ್ಮಿನದ್ದೂ ಇರಬಹುದು, 590ರದ್ದೂ ಇರಬಹುದು. ‘28’ ಅಂದರೆ 622 ಇರಬಹುದು, ಕಪ್ಪು ಸೈಕಲ್ಲಿನ 28 × 1½ ಆದರೆ 635. ಸಣ್ಣ ಟೈರನ್ನು ದೊಡ್ಡ ರಿಮ್ಮಿಗೆ ಯಾವ ಲಿವರಿನಿಂದಲೂ ಹತ್ತಿಸಲಾಗುವುದಿಲ್ಲ. 40-635 ಥರ ಬರೆದಿರುವ ಎರಡನೆಯ ಅಂಕಿ ಹೇಳಿಯೇ ಟೈರ್ ಕೊಳ್ಳಿ.

ಹೊಸ ಟ್ಯೂಬ್ ಹಾಕಿದ ಕೂಡಲೇ ಗಾಳಿ ಇಳಿದರೆ ತೂತು ಎಲ್ಲಿದೆ ನೋಡಿ. ನೆಲದ ಬದಿಯಲ್ಲಿ ಒಂದೇ ಚಿಕ್ಕ ತೂತಾದರೆ ಮುಳ್ಳು ಇನ್ನೂ ಟೈರಿನಲ್ಲೇ ಇದೆ. ರಿಮ್ಮಿನ ಬದಿಯಲ್ಲಿ, ನೀವು ಲಿವರ್ ಹಾಕಿದ ಜಾಗಕ್ಕೆ ಸರಿಯಾಗಿ ಸಣ್ಣ ಸೀಳು ಇದ್ದರೆ ಅದು ಲಿವರ್ ಕಚ್ಚಿದ್ದು. ಕಡ್ಡಿಯ ತುದಿ ಬರುವ ಜಾಗದಲ್ಲಿದ್ದರೆ ಆ ತುದಿಗಳನ್ನು ಮುಚ್ಚುವ ರಿಮ್ ಪಟ್ಟಿ ಸರಿದಿದೆ.

ನೈಲಾನ್ ತುದಿ ಸುರುಳಿಯಾಗಿ ಎದ್ದಿದ್ದರೆ ಬ್ಲೇಡಿನಿಂದ ಹೆರೆದು, ನೀರುಕಾಗದ ಹಾಕಿ ನಯ ಮಾಡಿ ಇನ್ನಷ್ಟು ದಿನ ಬಳಸಬಹುದು. ಕುತ್ತಿಗೆಯಲ್ಲಿ ಬಿಳಿ ಗೆರೆ ಕಂಡರೆ ಬಿಸಾಡಿ. ಕಬ್ಬಿಣದ್ದನ್ನು ಮಳೆಗಾಲಕ್ಕೆ ಮೊದಲು ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ, ಬಟ್ಟೆಯಲ್ಲಿ ಸುತ್ತಿಡಿ. ಮೇಲಿನ ಕ್ರೋಮ್ ಎದ್ದಿದ್ದರೆ ಅರದಿಂದ ಉಜ್ಜಿ ಸಮ ಮಾಡಿ. ಯಾವ ಲಿವರ್ ಆದರೂ ಸ್ಪೇರ್ ಟ್ಯೂಬಿನ ಜೊತೆ ಬರಿದಾಗಿ ಒಂದೇ ಚೀಲಕ್ಕೆ ತುರುಕಬೇಡಿ. ಘಟ್ಟದ ರಸ್ತೆಯ ಕುಲುಕಾಟಕ್ಕೆ ತುದಿ ಟ್ಯೂಬಿಗೆ ಉಜ್ಜಿ ಉಜ್ಜಿ, ಬೇಕಾದ ದಿನ ಬಿಚ್ಚಿ ನೋಡಿದರೆ ಆ ಟ್ಯೂಬಿನಲ್ಲೇ ತೂತಿರುತ್ತೆ. ಟ್ಯೂಬಿಗೆ ಪೌಡರ್ ಹಾಕಿ ಪ್ರತ್ಯೇಕ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ.