ಗೋ ಭಾಷೆಯ ಟ್ಯಾಬ್‌ರೈಟರ್ ಬಿಚ್ಚಿದ್ದು: ತೊಗರಿ ಪಟ್ಟಿಯ ಪ್ರಗತಿ

ಕಲಬುರಗಿ ಗಂಜಿನ ಕಾಕಾನ ಅಡತಿ ಅಂಗಡಿಗೆಂದು ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿರುವ ಪ್ರೋಗ್ರಾಮು ಈಗ ಊರುವಾರು ಪಟ್ಟಿ ಕೊಡುತ್ತಿದೆ: ಊರು, ಚೀಲ, ಕ್ವಿಂಟಲ್, ರೇಟು. ಕೂಡಿಸಿದ್ದು ಕಳೆದದ್ದು ಎಲ್ಲ ತಾಳೆಯಾಗಿದೆ. ಆದರೆ ಕಾಕಾನ ಕಣ್ಣು ಮೊದಲು ಹೋದದ್ದು ಬೇರೆ ಕಡೆ. "ಏ ತಮ್ಮಾ, ಸಾಲ್ ಯಾಕೋ ಹಿಂಗ ಡೊಂಕ ಡೊಂಕ ಬಂದಾವ? ರೇಟಿನ ಕೆಳಗ ರೇಟ್ ಇರಬೇಕಲ್ಲೋ."

ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದರೆ ಸಾಲು ನೆಟ್ಟಗಿರುತ್ತದೆ, ಕನ್ನಡದಲ್ಲಿ ಬರೆದರೆ ಸೊಟ್ಟ. ಹಾಗಾಗಿ ಈ ಸಲ ಹೊಸ ಸೌಲಭ್ಯ ಏನೂ ಸೇರಿಸಿಲ್ಲ. ಗೋ ಭಾಷೆಯ ಜೊತೆಗೇ ಬರುವ ಸಿದ್ಧ ಕೋಡಿನ ಭಂಡಾರ, ಅಂದರೆ ಸ್ಟ್ಯಾಂಡರ್ಡ್ ಲೈಬ್ರರಿಯ ಒಳಗೇ ಕೂತಿದ್ದೆ.

ಮೊದಲು ಅಕ್ಷರ, ಅಂಕಿಗಳನ್ನು ಕೇಳಿದ ಅಗಲಕ್ಕೆ ಅಚ್ಚುಹಾಕುವ ಎಫ್‌ಎಂಟಿ ಪ್ಯಾಕೇಜು. "ಅಗಲ 10" ಎಂದು ಕೇಳಿದರೆ ಅದು ಯಾವ ಹತ್ತು? ಸಿ ಭಾಷೆಯ ಪ್ರಿಂಟ್‌ಎಫ್ ಬೈಟು ಎಣಿಸುತ್ತದೆ, ಗೋ ಯೂನಿಕೋಡ್ ಕೋಡ್ ಪಾಯಿಂಟು (ಪ್ರತಿ ಅಕ್ಷರಕ್ಕೂ ಪ್ರತಿ ಗುರುತಿಗೂ ಕೊಟ್ಟ ಸಂಖ್ಯೆ) ಎಣಿಸುತ್ತದೆ. ದಾಖಲೆಯಲ್ಲೇ ಹಾಗೆಂದು ಬರೆದಿದ್ದಾರೆ. ಈಗ ನಮ್ಮ "ಚಿತ್ತಾಪುರ" ತಗೊಳ್ಳಿ. ಬೈಟು 27. ಕೋಡ್ ಪಾಯಿಂಟು 9: ಚ, ಗುಡಿಸು, ತ, ಹಲಂತ, ತ, ಇಳಿ, ಪ, ಕೊಂಬು, ರ. ಓದುವವನ ಕಣ್ಣಿಗೆ ಅಕ್ಷರ ನಾಲ್ಕೇ. ಲೈಬ್ರರಿ ಒಂಬತ್ತು ಎಂದುಕೊಂಡು ಒಂದೇ ಒಂದು ಖಾಲಿ ಜಾಗ ತುಂಬುತ್ತದೆ. "ಸೇಡಂ"ಗೆ ನಾಲ್ಕು ಎಂದು ಲೆಕ್ಕ ಹಾಕಿ ಆರು ತುಂಬುತ್ತದೆ. ಡೊಂಕಿನ ಮೂಲ ಇಲ್ಲಿದೆ.

ದಾರಿಯಲ್ಲಿ ಸಿಕ್ಕ ಒಂದು ಚೆಂದದ ವಿಷಯ ಹೇಳಲೇಬೇಕು. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಪದ್ಧತಿಯಾದ ಯುಟಿಎಫ್‌-8ರ ಪ್ಯಾಕೇಜಿನಲ್ಲಿ 256 ಮನೆಗಳ ಒಂದು ಕೋಷ್ಟಕವಿದೆ. ಮೊದಲ ಬೈಟು ನೋಡಿದೊಡನೆ ಈ ಅಕ್ಷರ ಎಷ್ಟು ಬೈಟಿನದು, ಎರಡನೆಯ ಬೈಟು ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ಅದು ಹೇಳಿಬಿಡುತ್ತದೆ. ಕನ್ನಡದ ಎಲ್ಲ ಅಕ್ಷರಗಳ ಮೊದಲ ಬೈಟು 224, ಎರಡನೆಯದು 178 ಇಲ್ಲವೇ 179. ಈ 224ಕ್ಕೆ ಒಂದು ಪ್ರತ್ಯೇಕ ಕಟ್ಟಳೆ: ಎರಡನೆಯ ಬೈಟು 160ಕ್ಕಿಂತ ಕಡಿಮೆ ಇರಕೂಡದು. ಇದ್ದರೆ ಎರಡೇ ಬೈಟಿನಲ್ಲಿ ಮುಗಿಯುವ ಅಕ್ಷರವನ್ನು ಯಾರೋ ಮೂರು ಬೈಟಿಗೆ ಎಳೆದು ಬರೆದಿದ್ದಾರೆ ಎಂದರ್ಥ, ಅದನ್ನು ತಿರಸ್ಕರಿಸುತ್ತದೆ. ದೇವನಾಗರಿ, ತೆಲುಗು, ತಮಿಳು ಎಲ್ಲವೂ ಇದೇ 224ರ ಬಾಗಿಲಿನಿಂದಲೇ ಒಳಗೆ ಬರುತ್ತವೆ.

ಸರಿ, ತಿದ್ದುವುದು ಹೇಗೆ? ಎಫ್‌ಎಂಟಿಯನ್ನು ನನ್ನ ಪ್ರಾಜೆಕ್ಟಿಗೆ ನಕಲು ಮಾಡಿದೆ. ಕಂಪೈಲ್ ಆಗಲಿಲ್ಲ. ಅದು ಇಂಟರ್ನಲ್ ಫೋಲ್ಡರಿನ ಎಫ್‌ಎಂಟಿಸಾರ್ಟ್ ಅನ್ನು ಕರೆಯುತ್ತದೆ. ಇಂಟರ್ನಲ್ ಎಂಬ ಫೋಲ್ಡರಿನಲ್ಲಿರುವುದನ್ನು ಆ ಮನೆಯವರಷ್ಟೇ ಬಳಸಬಹುದು, ಹೊರಗಿನವರು ಕರೆದರೆ ಗೋ ಕಮಾಂಡು ಬಾಗಿಲಲ್ಲೇ ತಡೆಯುತ್ತದೆ. ಅಂಕಣಗಳನ್ನು ಸಾಲಾಗಿ ಜೋಡಿಸಿಕೊಡುವ ಟ್ಯಾಬ್‌ರೈಟರ್ ಎಂಬ ಇನ್ನೊಂದು ಪ್ಯಾಕೇಜಿಗೆ ಆ ತೊಡಕಿಲ್ಲ. ಅದಕ್ಕೆ ಬೇಕಾದದ್ದು ಎಫ್‌ಎಂಟಿ, ಐಒ, ಯುಟಿಎಫ್‌-8 ಇಷ್ಟೇ. ಲೈಸೆನ್ಸಿನ ತಲೆಬರಹ ಉಳಿಸಿಕೊಂಡು ನಕಲು ಮಾಡಿದೆ, ಪರೀಕ್ಷೆಯ ಕಡತದಲ್ಲಿ ಇಂಪೋರ್ಟ್ ದಾರಿ ಬದಲಿಸಿದೆ, ಎಲ್ಲ ಪಾಸಾಯಿತು.

ಅಗಲ ಅಳೆಯುವುದು ಅಪ್‌ಡೇಟ್‌ವಿಡ್ತ್ ಎಂಬ ಎರಡು ಸಾಲಿನ ಫಂಕ್ಷನ್. ಅದರಲ್ಲಿ ಕೋಡ್ ಪಾಯಿಂಟು ಎಣಿಸುವ ರೂನ್‌ಕೌಂಟ್ ಇದ್ದ ಜಾಗಕ್ಕೆ ನನ್ನ ಎಣಿಕೆ ಹಾಕಿದರೆ ಮುಗಿಯಿತು. ಏನನ್ನು ಎಣಿಸಬೇಕು ಎಂಬುದೇ ಕಷ್ಟದ ಪ್ರಶ್ನೆ.

ಯೂನಿಕೋಡ್ ನಮ್ಮ ಕಾಗುಣಿತದ ಗುರುತುಗಳನ್ನು ಎರಡು ಪಂಗಡ ಮಾಡಿದೆ. ಗುಡಿಸು, ಎತ್ವ, ಔತ್ವ, ಹಲಂತ ಇವು ಜಾಗ ತಿನ್ನದವು. ಇಳಿ, ಕೊಂಬು, ಏತ್ವ, ಓತ್ವ, ಸೊನ್ನೆ ಇವು ಜಾಗ ತಿನ್ನುವವು. ತಲೆಯ ಮೇಲೆ ಕೂರುವುದಕ್ಕೂ ಪಕ್ಕಕ್ಕೆ ಚಾಚುವುದಕ್ಕೂ ಇರುವ ವ್ಯತ್ಯಾಸ ಇದು. ಗೋದ ಯೂನಿಕೋಡ್ ಪ್ಯಾಕೇಜಿನಲ್ಲಿ ಈ ಪಂಗಡಗಳ ಕೋಷ್ಟಕಗಳಿವೆ. ಅವನ್ನು ಯಾರೂ ಕೈಯಿಂದ ಬರೆದಿಲ್ಲ, ಪ್ರೋಗ್ರಾಮಿನಿಂದ ಹುಟ್ಟಿಸಿದ್ದು. ಪ್ರತಿ ಸಾಲಿಗೂ ಮೂರು ಅಂಕಿ: ಮೊದಲು, ಕೊನೆ, ನಡುವಿನ ಹೆಜ್ಜೆ. ಗುಡಿಸಿಗೂ ಎತ್ವಕ್ಕೂ ಏಳು ಹೆಜ್ಜೆ ದೂರ, ಹಾಗಾಗಿ ಎರಡೂ ಒಂದೇ ಸಾಲಿನಲ್ಲಿ ಮುಗಿದಿವೆ. ಜುಗ್ಗತನ ಅಂದರೆ ಹೀಗಿರಬೇಕು.

ಜಾಗ ತಿನ್ನದವುಗಳನ್ನಷ್ಟೇ ಬಿಟ್ಟರೆ ಚಿತ್ತಾಪುರ 7. ನನ್ನ ಟರ್ಮಿನಲ್ಲೂ ಹಾಗೇ ಎಣಿಸುತ್ತದೆ, ಸಾಲು ನೆಟ್ಟಗಾಯಿತು. ಎಲ್ಲ ಗುರುತುಗಳನ್ನೂ ಬಿಟ್ಟರೆ 5, ಏಕೆಂದರೆ ಒತ್ತಿನ ತ ಇನ್ನೂ ಬಿಡಿ ಅಕ್ಷರವಾಗಿಯೇ ಲೆಕ್ಕಕ್ಕೆ ಬರುತ್ತದೆ. ಅದನ್ನೂ ಜೋಡಿಸಿ 4 ಮಾಡಲು ಅಕ್ಷರಗುಚ್ಛದ ನಿಯಮ ಬೇಕು, ಗೋದ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಅದಿಲ್ಲ. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಂದೇ ಗುಚ್ಛವಾಗಿ ಹಿಡಿಯುವ ನಿಯಮವೇನೋ ಬಂತು. ಆ ಪಟ್ಟಿಯಲ್ಲಿ ತೆಲುಗು ಇದೆ, ಮಲಯಾಳ ಇದೆ, ಕನ್ನಡ ಇಲ್ಲ. ಗಡಿಯ ಆಚೆ ತೆಲಂಗಾಣದ ತಾಂಡೂರಿನಲ್ಲಿ ಒಂದಾದ ಒತ್ತಕ್ಷರ ಈಚೆ ಸೇಡಂನಲ್ಲಿ ಎರಡು!

ಇದನ್ನು ಗೋದವರಿಗೇ ಕಳಿಸಬಾರದೇಕೆ ಎಂದು ಗೆಳೆಯ ಕೇಳಿದ. ಟ್ಯಾಬ್‌ರೈಟರ್ ಪ್ಯಾಕೇಜಿಗೆ ಹೊಸದೇನನ್ನೂ ಸೇರಿಸುವುದಿಲ್ಲ ಎಂದು ಅದರ ದಾಖಲೆಯೇ ಹೇಳುತ್ತದೆ. ನನಗೆ ಅದು ಸರಿಯೆಂದೇ ಕಾಣುತ್ತದೆ. ಗೋ ಕೋಡನ್ನು ಒಂದೇ ಶೈಲಿಯಲ್ಲಿ ಒಪ್ಪವಾಗಿಸುವ ಗೋಫಂಟ್ ಸಹ ಸಾಲು ಜೋಡಿಸುವುದು ಇದೇ ಟ್ಯಾಬ್‌ರೈಟರಿನಿಂದ. ಇಲ್ಲಿ ಎಣಿಕೆ ಬದಲಾದರೆ ಜಗತ್ತಿನ ಎಷ್ಟೋ ಕಡತಗಳು ಸುಮ್ಮನೆ ಅಲುಗಾಡುತ್ತವೆ.

ಆದರೂ ಚಟ. ಗೋದ ಇಡೀ ಸೋರ್ಸ್ ಇಳಿಸಿ, ಅದರೊಳಗಿನ ಟ್ಯಾಬ್‌ರೈಟರನ್ನೇ ತಿದ್ದಿ ಕಟ್ಟಿದೆ. 2015ರ ಗೋ 1.5ರಿಂದ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮು) ಗೋದಲ್ಲೇ ಬರೆದದ್ದು, ಹಾಗಾಗಿ ಗೋ ಕಟ್ಟಲು ಹಳೆಯ ಗೋ ಬೇಕು, 1.24ಕ್ಕೆ 1.22. ಪರದೆಯ ಮೇಲೆ ಟೂಲ್‌ಚೈನ್ (ಕಂಪೈಲರ್ ಮತ್ತು ಅದರ ಸಲಕರಣೆ) 1, 2, 3 ಎಂದು ಒಂದೊಂದೇ ಸಾಲು ಬರುತ್ತದೆ. ಹಳೆಯ ಕಂಪೈಲರ್ ಹೊಸದನ್ನು ಕಟ್ಟುತ್ತದೆ, ಆ ಹೊಸದು ತನ್ನನ್ನೇ ಮತ್ತೆ ಕಟ್ಟಿಕೊಳ್ಳುತ್ತದೆ, ಗುರುತಿನ ಸಂಖ್ಯೆಗಳು ನೆಲೆಗೊಳ್ಳಲೆಂದು ಇನ್ನೊಂದು ಸುತ್ತು. ಕೊನೆಗೆ ಬಂದ ಗೋಫಂಟ್ ನನ್ನ ತಾಲ್ಲೂಕು ಹೆಸರುಗಳ ಮ್ಯಾಪನ್ನು (ಭೂಪಟವಲ್ಲ, ಕೋಡಿನೊಳಗಿನ ಜೋಡಿ ಪಟ್ಟಿ) ಅಚ್ಚುಕಟ್ಟಾಗಿ ಜೋಡಿಸಿತು. ಖುಷಿಪಟ್ಟು ಅಳಿಸಿಬಿಟ್ಟೆ. ಬೇರೆಯವರ ಕಂಪ್ಯೂಟರಿನ ಗೋಫಂಟ್ ಒಮ್ಮೆ ಓಡಿದರೆ ಮತ್ತೆ ಮೊದಲಿನಂತೆ.

ಕಾಕಾ ಪಟ್ಟಿ ನೋಡುವುದು ವಾಟ್ಸಾಪಿನಲ್ಲಿ. ಅಲ್ಲಿ ಕನ್ನಡ ಅಕ್ಷರಗಳ ಅಗಲ ಒಂದೊಂದಕ್ಕೆ ಒಂದೊಂದು, ಯಾವ ಎಣಿಕೆಯೂ ನಡೆಯದು. ಅವರಿಗೆ ಅಂಕಿಗಳನ್ನೆಲ್ಲ ಎಡಕ್ಕೆ ತಂದು ಊರಿನ ಹೆಸರನ್ನು ಸಾಲಿನ ಕೊನೆಗೆ ಹಾಕಿದೆ. ಕೊನೆಯ ಅಂಕಣಕ್ಕೆ ಜಾಗ ತುಂಬುವ ಪ್ರಸಂಗವೇ ಇಲ್ಲ.

ಮುಂದಿನದು ಅಕಾರಾದಿ. ಗೋದ ಸಾರ್ಟ್ ಬೈಟುಗಳ ಕ್ರಮ ಹಿಡಿಯುತ್ತದೆ. ಯೂನಿಕೋಡಿನಲ್ಲಿ ಳ ಇರುವುದು ಲ ಆದ ಕೂಡಲೇ, ನಮ್ಮ ವರ್ಣಮಾಲೆಯಲ್ಲಿ ಹ ಆದ ಮೇಲೆ. ಹೀಗಾಗಿ ಈಗಿನ ಪಟ್ಟಿಯಲ್ಲಿ ಮಹಾಗಾಂವಕ್ಕಿಂತ ಮಳಖೇಡ ಮುಂದೆ ಬರುತ್ತಿದೆ. ಗೋದವರದೇ ಹೆಚ್ಚುವರಿ ಲೈಬ್ರರಿ ಎಕ್ಸ್‌ಟೆಕ್ಸ್ಟ್‌ನಲ್ಲಿ ಭಾಷೆಯ ವರ್ಣಕ್ರಮ ನೋಡಿ ಜೋಡಿಸುವ ಕೊಲೇಟ್ ಎಂಬ ಪ್ಯಾಕೇಜಿದೆ, ಅದನ್ನು ಹಚ್ಚಿ ನೋಡಬೇಕು.