ಬೆಳಕನ್ನು ಅಳೆಯಲು ಕಲಿತ ಕೋಣೆ

ನಮ್ಮ ಕಾಲೇಜಿನ ಛಾಯಾಗ್ರಹಣ ಸಂಘಕ್ಕೆ ಸೇರಿದವರೆಲ್ಲ ಮೊದಲ ದಿನವೇ ಕ್ಯಾಮೆರಾ ಕೈಗೆ ಬರುತ್ತದೆಂದು ಕಾದಿರುತ್ತಿದ್ದರು. ಸಂಘವನ್ನು ನಡೆಸುತ್ತಿದ್ದ ಭೌತಶಾಸ್ತ್ರದ ಅಧ್ಯಾಪಕರು ಮಾತ್ರ ಅದನ್ನು ಅಷ್ಟು ಸುಲಭವಾಗಿ ಕೊಡುತ್ತಿರಲಿಲ್ಲ. ಎದುರಿಗಿರುವ ವಸ್ತುವಿನ ಮೇಲೆ ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ನೆರಳಿನ ಅಂಚು ಗೆರೆ ಕೊರೆದಂತಿದೆಯೇ ಅಥವಾ ಮೆಲ್ಲಗೆ ಕರಗುತ್ತಿದೆಯೇ ಎಂಬುದನ್ನು ನೋಡಿ ಹೇಳಬಲ್ಲವರಿಗೆ ಮಾತ್ರ ಕ್ಯಾಮೆರಾ ಸಿಗುತ್ತಿತ್ತು. ಆ ಕಟ್ಟುನಿಟ್ಟು ಸರಿಯಾಗಿತ್ತೆಂದೇ ನಾನು ಇಂದಿಗೂ ನಂಬಿದ್ದೇನೆ.

ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯ ಪಾಠವನ್ನು ಅವರು ಕಪ್ಪುಹಲಗೆಯ ಮೇಲೆ ಮಾಡಿದರು. 2, 2.8, 4, 5.6, 8, 11, 16, 22 ಎಂಬ ಅಂಕಿಗಳು ನಮಗೆ ಗೊತ್ತುಗುರಿಯಿಲ್ಲದ ಸಾಲಿನಂತೆ ಕಂಡಿದ್ದವು. ಅವರು 50 ಮಿಲಿಮೀಟರ್ ಲೆನ್ಸನ್ನು ಉದಾಹರಣೆಯಾಗಿ ತೆಗೆದುಕೊಂಡು, ಆ 50ನ್ನು ಸಾಲಿನ ಅಂಕಿಯಿಂದ ಭಾಗಿಸಿದರೆ ಕಿಂಡಿಯ ವ್ಯಾಸ ಸಿಗುತ್ತದೆ, ಎಫ್ 2ರಲ್ಲಿ ಅದರ ಕಿಂಡಿಯ ವ್ಯಾಸ 25 ಮಿಲಿಮೀಟರ್, ಎಫ್ 4ರಲ್ಲಿ 12.5 ಎಂದು ಎರಡು ವೃತ್ತಗಳನ್ನು ಬರೆದರು. ವ್ಯಾಸ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಬೆಳಕನ್ನು ನಿಖರವಾಗಿ ಅರ್ಧಕ್ಕೆ ಇಳಿಸುವ 2.8 ಎಂಬ ಮೆಟ್ಟಿಲು ಅವೆರಡರ ನಡುವೆ ಇರಲೇಬೇಕು. ಸಾಲಿನ ಪ್ರತಿ ಅಂಕಿಯೂ ಹಿಂದಿನದಕ್ಕಿಂತ ಎರಡರ ವರ್ಗಮೂಲದಷ್ಟು ಪಟ್ಟು ದೊಡ್ಡದೆಂಬುದು ತಿಳಿದ ಮೇಲೆ ಅದನ್ನು ಬಾಯಿಪಾಠ ಮಾಡುವ ಅಗತ್ಯವೇ ಉಳಿಯಲಿಲ್ಲ.

ಅದರ ಕೆಳಗೇ ಅವರು ಶಟರ್ ವೇಗದ, ಅಂದರೆ ಫಿಲ್ಮಿನ ಮೇಲೆ ಬೆಳಕು ಬೀಳುವ ಅವಧಿಯ ಸಾಲನ್ನು ಬರೆದರು. ಎಫ್ 2ಕ್ಕೆ ಸೆಕೆಂಡಿನ 1/1000, ಎಫ್ 2.8ಕ್ಕೆ 1/500, ಹೀಗೆ ಇಳಿಯುತ್ತಾ ಎಫ್ 22ಕ್ಕೆ 1/8. ಈ ಎಂಟು ಜೋಡಿಗಳಲ್ಲಿ ಯಾವುದನ್ನು ಆರಿಸಿದರೂ ಫಿಲ್ಮಿಗೆ ತಲಪುವ ಬೆಳಕು ಒಂದೇ, ಆದರೆ ಚಿತ್ರ ಒಂದೇ ಅಲ್ಲ. ಮೊದಲ ಜೋಡಿಯಲ್ಲಿ ಬೀಳುವ ನೀರಿನ ಹನಿಗಳು ಗಾಳಿಯಲ್ಲಿ ನಿಂತುಬಿಡುತ್ತವೆ, ಹಿನ್ನೆಲೆ ಮಸುಕಾಗುತ್ತದೆ. ಕೊನೆಯ ಜೋಡಿಯಲ್ಲಿ ನೀರು ಬಿಳಿಯ ಎಳೆಯಾಗುತ್ತದೆ, ಹಿಂದಿನ ಗೋಡೆಯ ಇಟ್ಟಿಗೆಗಳೂ ಸ್ಪಷ್ಟವಾಗುತ್ತವೆ. ಬೆಳಕಿನ ಮೊತ್ತವನ್ನು ಗಣಿತ ಹೇಳುತ್ತದೆ, ಜೋಡಿಯನ್ನು ಆರಿಸಬೇಕಾದವರು ನೀವು ಎಂದು ಅವರು ಹೇಳಿದ್ದು ನನ್ನ ಪಾಲಿಗೆ ಆ ವರ್ಷಗಳ ಬಹು ದೊಡ್ಡ ಪಾಠವಾಯಿತು.

ಇತಿಹಾಸವನ್ನು ಅವರು ಬೇರೆ ವಿಷಯವೆಂದು ಕಲಿಸಲಿಲ್ಲ. ಶಟರ್ ವೇಗದ ಮಾತು ಬಂದಾಗಲೇ 1838ರಲ್ಲಿ ಛಾಯಾಗ್ರಹಣದ ಪ್ರವರ್ತಕರಲ್ಲಿ ಒಬ್ಬನಾದ ಫ್ರಾನ್ಸಿನ ಡಾಗೇರ್ ತೆಗೆದ ಪ್ಯಾರಿಸ್ಸಿನ ಬೀದಿಯ ಚಿತ್ರವನ್ನು ಮುಂದಿಟ್ಟರು. ಹಗಲು ಹೊತ್ತಿನ, ಜನ ಓಡಾಡುತ್ತಿದ್ದ ಬೀದಿ ಅದು. ಆದರೂ ಚಿತ್ರದಲ್ಲಿ ಬೀದಿ ಬರಿದಾಗಿದೆ. ಬೆಳಕಿಗೆ ಒಡ್ಡಿದ ಅವಧಿ ಹಲವು ನಿಮಿಷಗಳಷ್ಟಿದ್ದುದರಿಂದ ನಡೆಯುವವರೂ ಗಾಡಿಗಳೂ ಬಿಂಬ ಹಿಡಿಯುವ ಲೋಹದ ತಟ್ಟೆಯ ಮೇಲೆ ಗುರುತು ಬಿಡಲಿಲ್ಲ. ಕೆಳಗಿನ ಎಡ ಮೂಲೆಯಲ್ಲಿ, ಬೂಟು ಒರೆಸಿಕೊಳ್ಳಲೆಂದು ಕಾಲು ಮುಂದಿಟ್ಟು ನಿಂತಿದ್ದ ಒಬ್ಬ ಮಾತ್ರ ಉಳಿದಿದ್ದಾನೆ. ಛಾಯಾಚಿತ್ರದಲ್ಲಿ ದಾಖಲಾದ ಮೊದಲ ಮನುಷ್ಯರಲ್ಲಿ ಒಬ್ಬನೆಂದು ಅವನನ್ನು ಗುರುತಿಸುತ್ತಾರೆ. ನಿಧಾನದ ಶಟರ್ ಎಂದರೇನೆಂದು ತಿಳಿಸಲು ಇದಕ್ಕಿಂತ ಒಳ್ಳೆಯ ಚಿತ್ರವನ್ನು ನಾನು ಕಂಡಿಲ್ಲ.

ಪ್ರಯೋಗಾಲಯದ ಪಕ್ಕದ ಕತ್ತಲೆ ಕೋಣೆಯಲ್ಲಿ ಇತಿಹಾಸ ಇನ್ನೂ ಹತ್ತಿರ ಬಂದಿತು. ಕಪ್ಪುಬಿಳುಪಿನ ಪ್ರಿಂಟ್ ಕಾಗದಕ್ಕೆ ಕೆಂಪು ಬೆಳಕು ತಾಗದಾದ್ದರಿಂದ ಅಲ್ಲಿ ಒಂದು ಕೆಂಪು ದೀಪ ಉರಿಯುತ್ತಿತ್ತು. ನೆಗೆಟಿವ್, ಅಂದರೆ ಕಪ್ಪು ಬಿಳುಪು ಅದಲುಬದಲಾಗಿ ಮೂಡಿದ ಫಿಲ್ಮಿನ ಬಿಂಬವನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಎನ್‌ಲಾರ್ಜರಿನ ಕೆಳಗಿಂದ ತೆಗೆದ ಕಾಗದ ಪೂರಾ ಬಿಳಿಯಾಗಿರುತ್ತಿತ್ತು. ಬಿಂಬ ಮೂಡಿಸುವ ಡೆವಲಪರ್ ದ್ರವದ ತಟ್ಟೆಯಲ್ಲಿ ಮುಳುಗಿಸಿ, ಒಂದು ಅಂಚನ್ನು ಹಗುರವಾಗಿ ಎತ್ತಿ ಇಳಿಸುತ್ತಿದ್ದರೆ ಮೊದಲು ಕೂದಲು, ಹುಬ್ಬುಗಳಂಥ ಗಾಢ ಭಾಗಗಳು, ಅನಂತರ ಕೆನ್ನೆಯ ಬೂದು ಛಾಯೆಗಳು ಮೂಡುತ್ತಿದ್ದವು. ಕಣ್ಣಿಗೆ ಕಾಣದೆ ಅಡಗಿರುವ ಈ ಬಿಂಬವನ್ನು ರಾಸಾಯನಿಕದಿಂದ ಹೊರತೆಗೆಯಬಹುದೆಂದು ತಿಳಿದದ್ದರಿಂದಲೇ ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯಿತು. ಡಾಗೇರನಿಗೂ ಮೊದಲು ಫ್ರಾನ್ಸಿನ ನೀಪ್ಸ್ 1826 ಅಥವಾ 1827ರಲ್ಲಿ ತನ್ನ ಕಿಟಕಿಯಾಚೆಯ ನೋಟವನ್ನು ಡಾಂಬರು ಲೇಪಿಸಿದ ಲೋಹದ ತಗಡಿನ ಮೇಲೆ ಹಿಡಿಯಲು ಬಹಳ ದೀರ್ಘ ಕಾಲ ಕಾಯಬೇಕಾಗಿತ್ತು. ಡಾಗೇರ್ ಪಾದರಸದ ಆವಿಯಿಂದಲೂ, ಇಂಗ್ಲೆಂಡಿನ ಟಾಲ್ಬಟ್ ಗ್ಯಾಲಿಕ್ ಆಮ್ಲದಿಂದಲೂ ಆ ಕಾಯುವಿಕೆಯನ್ನು ಕಡಿಮೆ ಮಾಡಿದರು. ಡಾಗೇರನ ತಟ್ಟೆಯಿಂದ ಒಂದೇ ಚಿತ್ರ ಸಿಗುತ್ತಿತ್ತು. 1841ರಲ್ಲಿ ಟಾಲ್ಬಟ್ ಪೇಟೆಂಟ್ ಪಡೆದ ವಿಧಾನದಲ್ಲಿ ಒಂದು ಕಾಗದದ ನೆಗೆಟಿವ್‌ನಿಂದ ಎಷ್ಟು ಪ್ರತಿಗಳನ್ನಾದರೂ ಮಾಡಬಹುದಾಗಿತ್ತು. ನಾವು ಅನುಸರಿಸುತ್ತಿದ್ದುದು ಟಾಲ್ಬಟನ ದಾರಿ. ಕೊನೆಯ ತಟ್ಟೆಯಲ್ಲಿದ್ದ ಹೈಪೊ ಎಂಬ ರಾಸಾಯನಿಕ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂದು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲಿಯೇ ಕಂಡುಕೊಂಡಿದ್ದ. ಇಪ್ಪತ್ತು ವರ್ಷಗಳ ಬಳಿಕ ಛಾಯಾಚಿತ್ರವನ್ನು ಸ್ಥಿರಗೊಳಿಸಲು ಅದೇ ಒದಗಿತು.

ಬಣ್ಣದ ಚಿತ್ರಗಳ ಬಗ್ಗೆ ನಾವು ಹೆಚ್ಚು ಕಲಿಯಲಿಲ್ಲ. ಅದಕ್ಕೆ ಬೇಕಾದ ಸಲಕರಣೆ ಅಲ್ಲಿರಲಿಲ್ಲ. ಅದರ ಬದಲು ಒಂದೇ ನೆಗೆಟಿವ್‌ನ ಮೇಲೆ ಸಂಜೆಗಳನ್ನೇ ಕಳೆದೆವು. ಪ್ರಿಂಟ್ ಮಾಡುವಾಗ ಬೆಳಕಿಗೆ ಅಂಗೈ ಅಡ್ಡ ಹಿಡಿದು ಮುಖವನ್ನು ತಿಳಿಯಾಗಿಸುವುದು, ಪೇಲವವಾದ ಆಕಾಶಕ್ಕೆ ಇನ್ನಷ್ಟು ಸೆಕೆಂಡು ಬೆಳಕು ಕೊಟ್ಟು ಮೋಡಗಳನ್ನು ಹೊರಡಿಸುವುದು, ಇವೆಲ್ಲ ಕೈಗೆ ಹತ್ತಲು ಬಹಳ ಕಾಲ ಹಿಡಿಯಿತು. ಅಡ್ಡ ಹಿಡಿದ ಕೈ ಒಂದೇ ಕಡೆ ನಿಂತರೆ ಅಂಚು ಕಾಗದದ ಮೇಲೆ ಅಚ್ಚಾಗುತ್ತದೆ. ಆದ್ದರಿಂದ ಕೈ ಸದಾ ಅಲುಗುತ್ತಿರಬೇಕು.

ಈಗಿನ ವಿದ್ಯಾರ್ಥಿಗಳ ಕೈಯಲ್ಲಿ ಮೊಬೈಲ್ ಇದೆ, ಅಲ್ಲಿಯೂ ಆ ಕಪ್ಪುಹಲಗೆಯ ಪಾಠ ನಡೆಯುತ್ತದೆ. ಹೆಚ್ಚಿನ ಫೋನುಗಳಲ್ಲಿ ಅಪರ್ಚರ್ ಬದಲಾಗುವುದಿಲ್ಲವಾದ್ದರಿಂದ ಜೋಡಿಯನ್ನು ಶಟರ್ ಮತ್ತು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆಯ ಅಂಕಿ) ಇವೆರಡರ ನಡುವೆ ಮಾಡಿಕೊಳ್ಳಬೇಕು. ಇವನ್ನು ಕೈಯಾರೆ ಹೊಂದಿಸಲು ಬಿಡುವ ಪ್ರೊ ಮೋಡ್ ತೆರೆದು, ಬೀಳುವ ನೀರನ್ನು ಒಮ್ಮೆ 1/1000 ಸೆಕೆಂಡು ಮತ್ತು ಐಎಸ್‌ಒ 3200ರಲ್ಲಿ, ಇನ್ನೊಮ್ಮೆ 1/60 ಮತ್ತು ಐಎಸ್‌ಒ 200ರಲ್ಲಿ ತೆಗೆದು ನೋಡಿ. ಚಿತ್ರದ ಹೊಳಪು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಮೊದಲನೆಯದನ್ನು ಹಿಗ್ಗಿಸಿದರೆ ಹನಿಗಳ ಜೊತೆಗೆ ನೆರಳಿನ ಭಾಗಗಳಲ್ಲಿ ಒರಟು ಕಾಳುಗಳು ಕಾಣಿಸುತ್ತವೆ, ಎರಡನೆಯದರಲ್ಲಿ ನೆರಳು ನುಣುಪಾಗಿದ್ದು ನೀರು ಎಳೆಯಾಗಿರುತ್ತದೆ.