ಅಘನಾಶಿನಿ ರೆಕಾರ್ಡಿಂಗ್: ಬೆಳಗಿನ ಜಾವದ ಚಟಚಟ ಕೊನೆಗೂ ಹೋಯ್ತು

ಹೋಯ್ತು ಮಾರಾಯ್ರೆ. ರೆಕಾರ್ಡಿಂಗ್‌ನಲ್ಲಿ ಮೈಕಿಂದ ಬರ್ತಿದ್ದ ಚಟಚಟ ಪೂರ್ತಿ ಹೋಯ್ತು. ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗಿನ ಫೈಲು, ಹೆಡ್‌ಫೋನ್ ಹಾಕ್ಕೊಂಡು ಕೂತು ಕೇಳಿದೆ, ಸ್ಪೆಕ್ಟ್ರೋಗ್ರಾಮ್ (ಸದ್ದಿನ ಚಿತ್ರ) ಹಿಗ್ಗಿಸಿ ಹಿಗ್ಗಿಸಿ ನೋಡಿದೆ, ಚಟ್ ಅಂದಾಗೆಲ್ಲ ಮೇಲಿಂದ ಕೆಳಗೆ ಬರೋ ಆ ದರಿದ್ರ ಗೆರೆ ಒಂದೂ ಇಲ್ಲ. ಹೊಳೆ ಇದೆ, ಎಲೆಯಿಂದ ಇಬ್ಬನಿ ತೊಟ್ಟಿಕ್ಕೋದಿದೆ, ದೂರದಲ್ಲೊಂದು ಕಡವೆ ಕೂಗಿದ್ದಿದೆ, ಬೆಳಕು ಹರಿಯೋ ಹೊತ್ತಿಗೆ ಕಾಡುಕೋಳಿ ಇದೆ, ಬೇರೆ ಎಂತದೂ ಇಲ್ಲ. ಖುಷಿಗೆ ಅಲ್ಲೇ ಜಗಲಿ ಮೇಲೆ ಕೂತು ಅತ್ತೆ. ಆ ಮನೆ ಅಜ್ಜಿ ಗಾಬರಿಯಾಗಿ ಬೆಲ್ಲ ನೀರು ತಂದುಕೊಟ್ರು.

ಪ್ರಾಜೆಕ್ಟ್ ಗೊತ್ತಿಲ್ಲದವರಿಗೆ ಎರಡೇ ಮಾತು. ಶಿರಸಿ ಪೇಟೆ ಒಳಗಿನ ಶಂಕರ ಹೊಂಡದಿಂದ ತದಡಿ ಅಳಿವೆವರೆಗೆ ಅಘನಾಶಿನಿ ಹೊಳೆ ಜೊತೆ ನಾನು ಒಬ್ಳೇ ನಡೆಯೋದು, ರಾತ್ರಿ ಎಲ್ಲಿ ಉಳೀತೀನೋ ಅಲ್ಲಿ ಇಡೀ ರಾತ್ರಿ ಹೊಳೆ ರೆಕಾರ್ಡ್ ಮಾಡೋದು, ರಜೆ ಸಿಕ್ಕಾಗೆಲ್ಲ ಬಿಟ್ಟಲ್ಲಿಂದ ಮುಂದಕ್ಕೆ. ಕಾಳಿ ಯಾಕಲ್ಲ, ಶರಾವತಿ ಯಾಕಲ್ಲ ಅಂತ ಕೇಳ್ತಾರೆ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಡ್ಯಾಮು. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ. ಅಲ್ಲೆಲ್ಲ ಕರೆಂಟ್ ಬೇಕಾದಾಗ ನೀರು ಬಿಡ್ತಾರೆ, ಹೊಳೆ ಸದ್ದು ಆ ಲೆಕ್ಕದಲ್ಲಿ ಏರ್ತದೆ ಇಳೀತದೆ. ಅಘನಾಶಿನಿಗೆ ದೊಡ್ಡ ಡ್ಯಾಮ್ ಒಂದೂ ಇಲ್ಲ. ಮಳೆ ಬಂದ್ರೆ ಏರ್ತದೆ, ಬಿಟ್ರೆ ಇಳೀತದೆ. ಮತ್ತೆ ಅದು ಆಯಿಯ (ನನ್ನ ಅಮ್ಮನ) ಹೊಳೆ, ಅವಳು ಹುಟ್ಟಿದ ಮನೆ, ಕೊಟ್ಟ ಮನೆ ಎರಡೂ ಅದರ ಕಣಿವೆಯಲ್ಲೇ.

ಉಂಚಳ್ಳಿವರೆಗಿನ ಭಾಗ ಹೆಚ್ಚೇನೂ ಹೇಳೋದಿಲ್ಲ. 116 ಮೀಟರ್ ಜಲಪಾತ, ಊರವರು ಕೆಪ್ಪ ಜೋಗ ಅಂತಾರಲ್ಲ, ಅಲ್ಲಿ 32 ಬಿಟ್ ಫ್ಲೋಟ್ (ಸದ್ದು ಜೋರಾದ್ರೂ ಫೈಲು ಕೆಡದ ರೆಕಾರ್ಡಿಂಗ್ ವಿಧಾನ) ಇದ್ರೆ ನೆಮ್ಮದಿ, ಇಲ್ಲದಿದ್ರೆ ಗೇನ್ ತಿರುಗಿಸ್ತಾನೇ ಬೆಳಗಾಗ್ತದೆ, ಅಷ್ಟೇ. ರಿಗ್ ಹಳೇದೇ: ಪ್ರಿಮೋ ಇಎಂ 272 ಮೈಕ್ ಕ್ಯಾಪ್ಸುಲ್ ಒಂದು ಜೋಡಿ, ರೆಕಾರ್ಡರಿನ ಕರೆಂಟನ್ನ ಅದಕ್ಕೆ ಹೊಂದಿಸೋ ಪಿ48 ಅಡಾಪ್ಟರ್, ಝೂಮ್ ಎಫ್3 ರೆಕಾರ್ಡರ್. ಅಲ್ಲಿಂದ ಕೆಳಗೆ ಕಣಿವೆ ಆಳ, ದಾರಿ ಅಂತ ಇಲ್ಲ, ಕೆಲವು ಕಡೆ ಹೊಳೆ ಬಿಟ್ಟು ಗುಡ್ಡ ಹತ್ತಿ ಇಳಿದು ಮತ್ತೆ ಹೊಳೆಗೆ ಬರ್ಬೇಕು. ಆ ಸುತ್ತಿನ ಕಾಡು 2011ರಿಂದ ಸಿಂಗಳೀಕಗಳಿಗೆ ಮೀಸಲು, ಒಳಗೆ ರಾತ್ರಿ ಉಳಿಯೋ ಹಾಗಿಲ್ಲ. ಹಾಗಾಗಿ ಹಗಲು ನಡಿಗೆ, ರಾತ್ರಿ ಯಾರದ್ದಾದ್ರೂ ಅಡಿಕೆ ತೋಟದ ಮನೆ, ರಿಗ್ ಅವರದೇ ಸೊಪ್ಪಿನ ಬೆಟ್ಟದ ಅಂಚಲ್ಲಿ, ಹೊಳೆ ಕಡೆ ಮುಖ ಮಾಡಿ.

ಸಮಸ್ಯೆ ಶುರುವಾಗಿದ್ದು ದೀಪಾವಳಿ ಕಳೆದ ಮೇಲೆ. ಮಳೆಗಾಲದಲ್ಲಿ ಇರ್ಲಿಲ್ಲ ಅನ್ನೋದು ಗಮನಿಸಿ, ಜಿಟಿಜಿಟಿ ಮಳೇಲೂ ಫೈಲು ಸ್ವಚ್ಛ ಬಂದಿತ್ತು. ಮೋಡ ಸರಿದು ಚಳಿ ಬಿದ್ದ ರಾತ್ರಿಗಳಲ್ಲಿ, ಎರಡೂವರೆ ಮೂರರ ಹೊತ್ತಿಗೆ, ಮೊದಲು ಎಡ ಚಾನೆಲ್‌ನಲ್ಲಿ ಸಣ್ಣದಾಗಿ ಚಟ್ ಅಂತ ಒಂದು, ಆಮೇಲೆ ಎರಡು, ನಾಲ್ಕರ ಮೇಲೆ ಎರಡೂ ಚಾನೆಲ್ ತುಂಬ. ಬಿಸಿಲು ಬಂದು ಅರ್ಧ ಗಂಟೆಗೆ ತಾನಾಗೇ ನಿಲ್ತದೆ. ಕೇಬಲ್ ಬದಲಿಸಿದೆ, ಕನೆಕ್ಟರ್ ಮತ್ತೆ ಬೆಸುಗೆ ಹಾಕಿದೆ, ಅಡಾಪ್ಟರ್ ಅದಲುಬದಲು ಮಾಡಿದೆ, ಜಾಗ ಬದಲಿಸಿದೆ. ಅದೇ ಹೊತ್ತು, ಅದೇ ಸದ್ದು.

ಹೊಸ ಕ್ಯಾಪ್ಸುಲ್ ತರಿಸೋಣ ಅಂದ್ರೆ ಆ ಕಥೆ ಬೇರೆ. ಆನ್‌ಲೈನ್‌ನಲ್ಲಿ ಒಬ್ರು ಮಾರ್ತಿದ್ರು, ಅಸಲಿ 272 ಅಂತ ದೇವರಾಣೆ ಹಾಕಿ. ಬಂದದ್ದು ನೋಡಿದ್ರೆ ಸೆಲ್ಫ್ ನಾಯ್ಸ್ (ಮೈಕಿನದೇ ಸುಯ್ ಸದ್ದು) 14 ಡಿಬಿ ಎಲ್ಲಿಂದ, ಕೋಣೆ ಒಳಗೇ ಮಳೆಗಾಲ ಕೇಳ್ತದೆ. ವಾಪಸ್ ಕಳಿಸ್ಬೇಕಂದ್ರೆ ನಮ್ಮ ಪಿನ್‌ಕೋಡಿಗೆ ಪಿಕಪ್ ಇಲ್ಲವಂತೆ, ಮಾಲು ಕಳಿಸೋಕೆ ಮಾತ್ರ ಅದೇ ಪಿನ್‌ಕೋಡ್ ಸಿಗ್ತದೆ! ಡೆಡ್‌ಕ್ಯಾಟ್‌ಗೆ (ಮೈಕಿಗೆ ಗಾಳಿ ಹೊಡೆಯದ ಹಾಗೆ ಹಾಕೋ ಕೂದಲಿನ ಟೋಪಿ) ಅಂತ ಕೂದಲು ಬಟ್ಟೆ ತರಿಸಿದ್ದು ಇನ್ನೊಂದು ಕಡೆಯಿಂದ, ಅವರು ಹಿಂದೆ ದಪ್ಪ ರಬ್ಬರ್ ಲೇಪ ಇರೋದು ಕಳಿಸಿದ್ರು, ಊದಿದ್ರೆ ಗಾಳಿ ಆಚೆ ಹೋಗೋದಿಲ್ಲ, ಹೈ ಫ್ರೀಕ್ವೆನ್ಸಿ ಪೂರ್ತಿ ಸತ್ತುಹೋಗ್ತದೆ. ಹತ್ತು ಕೆಲಸಕ್ಕೆ ಒಂದೇ ಬಟ್ಟೆ ಅಂತ ಮಾರೋರ ಹತ್ರ ಮೈಕಿನ ಬಟ್ಟೆ ತಗೋಬೇಡಿ, ಊದಿ ನೋಡಿ ತಗೊಳ್ಳಿ.

ಸಾಫ್ಟ್‌ವೇರಲ್ಲಿ ತೆಗೀಬಹುದಲ್ಲ ಅಂದ್ರು ಕೆಲವರು. ತೆಗೆದು ನೋಡಿ. ಹರಿಯೋ ನೀರಿನ ಸದ್ದು ಬಹುಪಾಲು ನೀರೊಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳದ್ದು, ಒಂದೊಂದು ಗುಳ್ಳೆಗೂ ಅದರ ಗಾತ್ರಕ್ಕೆ ತಕ್ಕ ಸ್ವರ, 1 ಮಿಲಿಮೀಟರ್ ತ್ರಿಜ್ಯದ್ದು 3 ಕಿಲೋಹರ್ಟ್ಸ್ ಆಸುಪಾಸಲ್ಲಿ ಮಿಡೀತದೆ, ಅಂದ್ರೆ ಹೊಳೆ ಅನ್ನೋದೇ ಲಕ್ಷಾಂತರ ಸಣ್ಣ ಸಣ್ಣ ಟಿಕ್ಕು. ಚಟಚಟ ತೆಗೆಯೋ ಡಿ-ಕ್ರ್ಯಾಕಲ್ ಪ್ಲಗಿನ್ನಿಗೆ ಯಾವ ಟಿಕ್ಕು ನೀರಿಂದು ಯಾವ್ದು ಮೈಕಿಂದು ಅಂತ ಹ್ಯಾಗೆ ಗೊತ್ತಾಗ್ಬೇಕು, ಎರಡನ್ನೂ ತಿಂದುಹಾಕ್ತದೆ. ಉಳಿಯೋದು ಹೊಳೆಯಲ್ಲ, ಬರೀ ಸುಯ್ಯ್.

ಆದ್ರೆ ನನಗೆ ಆ ಸದ್ದು ಹುಟ್ಟೋದೇ ಬೇಡ ಅನ್ಸಿದ್ದಕ್ಕೆ ಕಾರಣ ಪ್ಲಗಿನ್ ಅಲ್ಲ. ಆಯಿಗೆ ಶ್ವಾಸಕೋಶ ಗಟ್ಟಿಯಾಗ್ತಾ ಹೋಗೋ ಕಾಯಿಲೆ, ಫೈಬ್ರೋಸಿಸ್. ಗೊತ್ತಾದ ದಿನ ಡಾಕ್ಟ್ರು ಅವಳ ಬೆನ್ನಿನ ಕೆಳಗಡೆ ಸ್ಟೆತಸ್ಕೋಪ್ ಇಟ್ಟು, ನೀವು ರೆಕಾರ್ಡಿಂಗ್ ಮಾಡೋರಲ್ವಾ ಕೇಳಿ ಅಂತ ನನ್ನ ಕಿವಿಗೆ ಕೊಟ್ರು. ಉಸಿರು ಒಳಗೆ ಎಳೆದು ಎಳೆದು ಇನ್ನೇನು ತುಂಬ್ತು ಅನ್ನೋ ಹೊತ್ತಿಗೆ ವೆಲ್ಕ್ರೋ ನಿಧಾನ ಬಿಡಿಸಿದ ಹಾಗೆ ಚಟಚಟಚಟ. ಡಾಕ್ಟ್ರುಗಳೇ ವೆಲ್ಕ್ರೋ ಅಂತಾರೆ ಅದಕ್ಕೆ. ಆಮೇಲೆ ಸ್ಟೆತಸ್ಕೋಪ್ ಇಲ್ಲದೆಯೂ ಅದು ಕೇಳ್ಸಿದ ಹಾಗೇ ಆಗ್ತಿತ್ತು ನನಗೆ, ರಾತ್ರಿ ಪಕ್ಕದಲ್ಲಿ ಮಲಗಿದಾಗ. ಈಗ ಕಾಡಂಚಲ್ಲಿ, ಬೆಳಗಿನ ಜಾವ ಮೂರು ಗಂಟೆಗೆ, ಹೆಡ್‌ಫೋನ್ ತುಂಬ ಅದೇ ಸದ್ದು ಬಂದ್ರೆ ಹ್ಯಾಗಾಗ್ಬೇಕು ಹೇಳಿ. ಮೊದಲ ಸಲ ಕೇಳಿದ ರಾತ್ರಿ ಹೆಡ್‌ಫೋನ್ ಕಿತ್ತು ಎಸೆದು ತೋಟದ ಮನೆವರೆಗೆ ಓಡಿ ಬಂದಿದ್ದೆ, ಕಾಲಲ್ಲಿ ಉಂಬಳ ಹತ್ತಿದ್ದೂ ಗೊತ್ತಾಗ್ಲಿಲ್ಲ.

ಮನೇಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಇತ್ತು, ಐದು ಲೀಟರಿಂದು. ಹಗಲೂ ರಾತ್ರಿ ಗುರ್ ಗುರ್, ನಡುನಡುವೆ ಪುಸ್ಸ್. ನಮ್ಮ ಮನೆ ಹೊಳೆಗೆ ಕೂಗಳತೆ ದೂರ. ಆಯಿ ಮೊದಲೆಲ್ಲ ಮಳೆಗಾಲದಲ್ಲಿ ಹಾಸಿಗೆಯಿಂದ ಏಳೋ ಮೊದ್ಲೇ ನೀರು ಎಷ್ಟಿದೆ ಅಂತ ಹೇಳ್ತಿದ್ಲು, ಕಲ್ಲು ಮುಚ್ಚಿದೆ, ಇವತ್ತು ದಾಟೋದು ಬೇಡ ಅಂತ. ಕಲ್ಲು ಮುಳುಗಿದ್ರೆ ಗುಳ್ಳೆ ಸದ್ದು ಇಳಿದು ದಪ್ಪ ಆಗ್ತದೆ, ಅದನ್ನ ಅವಳು ಕಿವಿಯಲ್ಲೇ ಅಳೀತಿದ್ಲು, ಒಂದು ಸಲವೂ ತಪ್ಪಿದ್ದು ನೆನಪಿಲ್ಲ. ಕಾಯಿಲೆ ಜೋರಾದ ಮೇಲೆ ಒಂದಿನ ಸಂಜೆ, "ಆ ಮಷಿನ್ ಒಂದ್ಘಳಿಗೆ ನಿಲ್ಸೆ ಕೂಸೆ, ಹೊಳೆ ಕೇಳ್ತಿಲ್ಲೆ" ಅಂದ್ಲು. ನಿಲ್ಲಿಸೋ ಹಾಗಿರ್ಲಿಲ್ಲ. ಮಷಿನ್ ನಿಂತದ್ದು ಅವಳು ಹೋದ ಮೇಲೆ, ಆ ಮೇಲಿನ ರಾತ್ರಿ ಮನೇಲಿ ಹೊಳೆ ಎಷ್ಟು ಜೋರು ಕೇಳ್ತಿತ್ತು ಅಂದ್ರೆ ನನಗೆ ಮಲಗೋಕಾಗ್ಲಿಲ್ಲ. ಅಸ್ಥಿ ಗೋಕರ್ಣದಲ್ಲಿ ಬಿಟ್ಟಾಯ್ತು, ಕಾರ್ಯ ಎಲ್ಲ ಅಣ್ಣ ಮಾಡ್ದ. ನನ್ನ ಪಾಲಿಗೆ ಉಳಿದಿದ್ದು ಇದು, ಹೊಳೆಯನ್ನ ತಲೆಯಿಂದ ಬುಡದವರೆಗೆ ಯಾವ ಮಷಿನ್ ಸದ್ದೂ ಇಲ್ಲದೆ ಹಿಡಿಯೋದು. ಆದ್ದರಿಂದ ಫೈಲಲ್ಲಿ ಚಟಚಟ ಇರೋ ಹಾಗಿಲ್ಲ.

ಕಾರಣಕ್ಕೆ ಬರೋಣ. ನನ್ನ ಮೈಕಿನಂಥ ಎಲೆಕ್ಟ್ರೆಟ್ ಕ್ಯಾಪ್ಸುಲ್ ಒಳಗಿನ ಎಫ್‌ಇಟಿ (ಪುಟ್ಟ ಟ್ರಾನ್ಸಿಸ್ಟರ್) ಗೇಟಿನ ಇಂಪೀಡೆನ್ಸ್, ಅಂದ್ರೆ ಕರೆಂಟಿಗೆ ಇರೋ ತಡೆ, ಗಿಗಾಓಮ್ (ನೂರು ಕೋಟಿ ಓಮ್) ಲೆಕ್ಕದ್ದು. ಅಲ್ಲಿ ಕಣ್ಣಿಗೆ ಕಾಣದಷ್ಟು ತೇವ ಕೂತ್ರೂ ಚಾರ್ಜ್ ಸೋರ್ತದೆ, ಸೋರಿದಾಗೆಲ್ಲ ಚಟ್. ಮಳೆಯಲ್ಲಿ ಆಗದೆ ಚಳಿಯಲ್ಲಿ ಯಾಕೆ ಆಗ್ತದೆ ಅಂದ್ರೆ, ಮೋಡ ಇಲ್ಲದ ರಾತ್ರಿ ಬಯಲಲ್ಲಿ ಇಟ್ಟ ವಸ್ತು ತನ್ನ ಶಾಖವನ್ನ ಆಕಾಶಕ್ಕೆ ಬಿಟ್ಟುಕೊಂಡು ಸುತ್ತಲಿನ ಗಾಳಿಗಿಂತ ತಂಪಾಗ್ತದೆ, ಹೊಳೆ ಪಕ್ಕದ ಗಾಳಿ ಮೊದಲೇ ತೇವ ತುಂಬಿ ನಿಂತಿರ್ತದೆ, ಮೈಕು ಒಂದೆರಡು ಡಿಗ್ರಿ ಇಳಿದ್ರೆ ಸಾಕು, ಇಬ್ಬನಿ ಕೂರ್ತದೆ. ಸಿಲಿಕಾ ಜೆಲ್ಲಿಂದ ಎಂತದೂ ಆಗೋದಿಲ್ಲ, ಡಬ್ಬಿ ಒಳಗೆ ಇಡುವಾಗ ಸರಿ, ಆದ್ರೆ ಮೈಕು ಕೇಳ್ಬೇಕಂದ್ರೆ ಗಾಳಿಗೆ ತೆರೆದೇ ಇರ್ಬೇಕಲ್ಲ.

ದಾರಿ ತೋರಿಸಿದ್ದು ರೆಕಾರ್ಡಿಂಗ್‌ನವರಲ್ಲ, ಹುಬ್ಬಳ್ಳಿಯ ಒಬ್ಬ ಟೆಲಿಸ್ಕೋಪ್ ಗೆಳೆಯ. ಅವರಿಗೆ ಲೆನ್ಸ್ ಮೇಲೆ ಇಬ್ಬನಿ ಕೂರೋದು ದಿನದ ಗೋಳು, ಲೆನ್ಸ್ ಸುತ್ತ ಕರೆಂಟ್ ಹರಿದ್ರೆ ಬಿಸಿಯಾಗೋ ರೆಸಿಸ್ಟರ್ ಸಾಲು ಕಟ್ಟಿ ಬೆಚ್ಚಗಿಡ್ತಾರೆ. "ಲೇ, ಗಾಳಿ ಒಣಗಿಸ್ಲಿಕ್ಕೆ ಹೋಗಬ್ಯಾಡ, ಮೈಕ್ ಬೆಚ್ಚಗ ಮಾಡು" ಅಂದ. ಅಷ್ಟೇ ಮಾತು. 100 ಓಮಿನ ಅರ್ಧ ವ್ಯಾಟ್ ರೆಸಿಸ್ಟರ್ ಎರಡು, ಒಂದೊಂದು ಮೈಕಿನ ಅಲ್ಯುಮಿನಿಯಂ ನಳಿಗೆಗೆ ಒಂದೊಂದು ಒತ್ತಿ ಮೇಲೆ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಬಿಗಿಯೋ ಪ್ಲಾಸ್ಟಿಕ್ ಕೊಳವೆ), ಎರಡೂ ಪ್ಯಾರಲಲ್, ಪವರ್ ಬ್ಯಾಂಕಿಗೆ ಸಿಕ್ಕಿಸಿದೆ. ಮುಗೀತು ಅಂದ್ಕೊಂಡ್ರೆ ಬೆಳಗ್ಗೆ ಮತ್ತೆ ಚಟಚಟ! 5 ವೋಲ್ಟಲ್ಲಿ ಅದು ಎಳೆಯೋದು ಬರೀ 100 ಮಿಲಿಆಂಪ್, ಪವರ್ ಬ್ಯಾಂಕು ಫೋನ್ ತೆಗೆದ್ರು ಅಂತ ತಿಳ್ಕೊಂಡು ಅರ್ಧ ನಿಮಿಷಕ್ಕೆ ಆಫ್ ಆಗಿ ಕೂತಿತ್ತು. ರೆಕಾರ್ಡರನ್ನೂ ಅದೇ ಬ್ಯಾಂಕಿಗೆ ಹಾಕಿದೆ, ಲೋಡ್ ಸಾಕಾಯ್ತು, ಆಫ್ ಆಗ್ಲಿಲ್ಲ, ಆದ್ರೆ ಬ್ಯಾಂಕಿನ ಸ್ವಿಚಿಂಗ್ ಸದ್ದು ಕುಂಯ್ ಅಂತ ಫೈಲಿಗೆ ಬಂತು. ಮತ್ತೆ ಮಷಿನ್ ಸದ್ದು. ಆ ದಿನ ಎಲ್ಲ ಹೊಳೆಗೆ ಎಸೆದು ಮನೆಗೆ ಹೋಗೋಣ ಅನ್ಸಿತ್ತು.

ಕೊನೆಗೆ ಗೆದ್ದಿದ್ದು ಎಲ್ಲಕ್ಕಿಂತ ಸಾದಾದ್ದು. 2000 ಎಂಎಎಚ್‌ನ ಎಎ ರೀಚಾರ್ಜೆಬಲ್ ಸೆಲ್ಲು ನಾಲ್ಕು ಸಾಲಾಗಿ, 4.8 ವೋಲ್ಟ್, ಒಂದೊಂದು ಮೈಕಿಗೆ ಕಾಲು ವ್ಯಾಟಿಗೂ ಸ್ವಲ್ಪ ಕಡಿಮೆ. ಶುದ್ಧ ಡಿಸಿ, ಸದ್ದಿಲ್ಲ, ಆಫ್ ಆಗೋ ಬುದ್ಧಿವಂತಿಕೆಯೂ ಇಲ್ಲ. ಲೆಕ್ಕದ ಪ್ರಕಾರ ಇಪ್ಪತ್ತು ಗಂಟೆ ಹತ್ರ ಬರ್ಬೇಕು, ಒಂದು ರಾತ್ರಿಗೆ ಧಾರಾಳ. ಮೇಲೆ ಅಡಿಕೆ ಹಾಳೆಯದ್ದೊಂದು ಸೂರು, ಮೈಕಿಗೆ ಆಕಾಶ ನೇರ ಕಾಣದ ಹಾಗೆ. ಹಾಳೆ ಮೇಲೆ ಹನಿ ಬಿದ್ರೆ ಟಪ್ ಟಪ್ ಅಂತದೆ, ಅದಕ್ಕೆ ಬಿಡಿಸಿದ ತೆಂಗಿನ ನಾರು ದಪ್ಪಕ್ಕೆ ಹೊದಿಸಿ ದಾರ ಕಟ್ಟಿದ್ದು. ಹಾಳೆ ಪುಕ್ಕಟೆ, ನಾರು ಪುಕ್ಕಟೆ, ಪಿಕಪ್ ಇಲ್ಲದ ಪಿನ್‌ಕೋಡಿಗೆ ಇದೇ ಸರಿ.

ಇದು ಕೆಲಸ ಮಾಡ್ತದೆ ಅಂದ ಕೂಡ್ಲೇ ತಲೆ ಕತ್ತಲೆಕಾನಿಗೆ ಓಡಿದೆ. ಸಿದ್ದಾಪುರ ತಾಲೂಕಿನ ಆ ರಾಮಪತ್ರೆ ಜಡ್ಡಿಯ (ರಾಮಪತ್ರೆ ಮರಗಳ ಜೌಗು ಕಾಡಿನ) ಕುಂಬಾರ ಕಪ್ಪೆ ಗೊತ್ತಲ್ಲ, ಕೆ.ವಿ. ಗುರುರಾಜ ಅವರ ತಂಡ 2014ರಲ್ಲಿ ಹೊಸ ಪ್ರಭೇದ ಅಂತ ವಿವರಿಸಿದ್ದು, ಗಂಡು ಮುಂಗಾಲಲ್ಲಿ ಕೆಸರು ಬಾಚಿ ಮೊಟ್ಟೆಗೆ ಮೆತ್ತೋ ಕಪ್ಪೆ. ಮಳೆಗಾಲದ ರಾತ್ರಿ ಅಲ್ಲಿ ಅನುಮತಿ ತಗೊಂಡು ರಿಗ್ ಇಟ್ಟು ದೂರ ಬಂದು ಕೂರೋ ಆಸೆ. ಅರ್ಜಿ ಬರೆಯೋದು ಶುರು ಮಾಡಿದ್ದೇನೆ.

ಇನ್ನೊಂದು ವಿಷಯ, ಸ್ಲೇಟ್. ಪ್ರತಿ ಫೈಲಿನ ಶುರುವಿಗೆ ಜಾಗ, ತಾರೀಕು, ಹವೆ ಹೇಳ್ತೀವಲ್ಲ, ಅದು ಈ ನಡಿಗೆಯಲ್ಲಿ ಯಾವಾಗಿಂದಲೋ ಆಯಿಗೆ ಹೇಳೋದಾಗಿದೆ. "ಆಯಿ, ಇವತ್ತು ಕಲ್ಲೆಲ್ಲ ಮೇಲಿದ್ದು, ದಾಟಲಕ್ಕು" ಅಂತ. ಇಡೀ ಹಗಲು ಯಾರ ಜೊತೆಯೂ ಮಾತಿರೋದಿಲ್ಲ, ಸಂಜೆ ಆದ ಮೇಲೆ ಅದೊಂದೇ ಮಾತು, ಕೆಲವು ಸಲ ಉದ್ದ ಆಗ್ತದೆ. ಮೊನ್ನೆ ಒಂದು ಮನೇಲಿ ಆಸರಿಗೆ (ಕುಡಿಯೋಕೆ) ಕೊಟ್ಟ ಅಮ್ಮ ನನ್ನ ತವರೂರು ಕೇಳಿ, ಮುಖ ನೋಡಿ ಇಂಥವಳ ಮಗಳು ಅಂತ ಗುರುತು ಹಿಡಿದು, "ಆಯಿ ಆರಾಮಿದ್ದಾ?" ಅಂದ್ರು. ಇಲ್ಲ ಅಂದೆ. ಅವರು ಮತ್ತೇನೂ ಕೇಳ್ಲಿಲ್ಲ, ಹೊರಡುವಾಗ ಅಪ್ಪೆಮಿಡಿ ಉಪ್ಪಿನಕಾಯಿ ಬಾಟ್ಲಿ ಬ್ಯಾಗಿಗೆ ತುರುಕಿದ್ರು, ಹೊಳೆದಂಡೆ ಮರದ್ದೇ ಮಿಡಿ. ಉಪ್ಪುನೀರು ಸೋರಿ ಕನೆಕ್ಟರ್ ಸತ್ತೀತು ಅಂತ ಕವರ್ ಮೇಲೆ ಕವರ್ ಸುತ್ತಿ ಹೊತ್ತೆ. ಆ ದಿನದ ಸ್ಲೇಟ್ ಹೊಳೆಗಿಂತ ನನ್ನ ಅಳುವೇ ಜಾಸ್ತಿ. ಎಡಿಟ್‌ನಲ್ಲಿ ಅದನ್ನ ಕತ್ತರಿಸೋದಿಲ್ಲ, ಯಾವ ಸ್ಲೇಟನ್ನೂ ಕತ್ತರಿಸೋದಿಲ್ಲ.

ಇನ್ನು ಉಳಿದಿದ್ದು ದಿವಗಿ, ಮಿರ್ಜಾನ್ ಕಡೆಯಿಂದ ಅಳಿವೆವರೆಗಿನ ಉಪ್ಪುನೀರಿನ ಭಾಗ, ಉಪ್ಪುನೀರು ನುಗ್ಗೋ ಗಜನಿ ಗದ್ದೆ, ಆ ಉಪ್ಪು ತಾಳೋ ಕಗ್ಗ ಭತ್ತದ ಊರುಗಳು. ಅಲ್ಲಿ ಹೊಳೆ ಮೇಲಿಂದ ಸದ್ದೇ ಮಾಡೋದಿಲ್ಲ, ಕೇಳ್ಬೇಕಂದ್ರೆ ನೀರೊಳಗೆ ಹೋಗ್ಬೇಕು. ಹೈಡ್ರೋಫೋನ್ (ನೀರೊಳಗಿನ ಮೈಕು) ಮಾಡೋಕೆ ಶುರು ಮಾಡಿದ್ದೇನೆ, 27 ಮಿಲಿಮೀಟರ್ ಪೀಜೋ ಡಿಸ್ಕ್ (ಕಂಪನ ಹಿಡಿಯೋ ಬಿಲ್ಲೆ). ಬೆಚ್ಚಗಿನ ಕಡಿಮೆ ಆಳದ ಉಪ್ಪುನೀರಲ್ಲಿ ಸ್ನ್ಯಾಪಿಂಗ್ ಶ್ರಿಂಪ್ ಅನ್ನೋ ಪುಟ್ಟ ಸಿಗಡಿ ಜಾತಿ ಇರ್ತವೆ, ಇಕ್ಕಳದಂಥ ಒಂದು ಕೊಂಬು ಪಟಕ್ಕನೆ ಮುಚ್ಚಿ ನೀರಲ್ಲಿ ಗುಳ್ಳೆ ಎಬ್ಬಿಸಿ ಒಡೆಸ್ತವೆ, ಸಾವಿರಾರು ಸೇರಿದ್ರೆ ನೀರೆಲ್ಲ ಚಟಚಟ. ಅದು ಬಂದ್ರೆ ನಾನು ಹೆಡ್‌ಫೋನ್ ತೆಗೆಯೋದಿಲ್ಲ, ಪೂರ್ತಿ ಕೇಳ್ತೇನೆ. ತದಡಿಯಲ್ಲಿ ಅಮಾಸೆ ಇಳಿತಕ್ಕೆ, ಬಳಚು (ಚಿಪ್ಪಿ) ಹೆಕ್ಕೋ ಹೆಂಗಸರು ನೀರಿಗೆ ಇಳಿಯೋ ಮೊದಲೇ ಹಾಕಬೇಕು ಅಂತ ಯೋಚನೆ. ಡಿಸ್ಕ್ ಮುಚ್ಚೋಕೆ ಎಪಾಕ್ಸಿಯೋ ಪಾಲಿಯುರೆಥೇನೋ ಇನ್ನೂ ನಿರ್ಧಾರ ಆಗಿಲ್ಲ, ಉಪ್ಪುನೀರಲ್ಲಿ ವರ್ಷ ತಾಳಿದ್ದು ಯಾರಾದ್ರೂ ಕಂಡಿದ್ರೆ ಕೂಡ್ಲೇ ಹೇಳಿ, ಅಮಾಸೆ ಹತ್ರ ಬಂತು.